ಅಜ್ಜನ ಮನೆಯ ಜಂತಿ, ಒಂದು ರಾಶಿ ಪರಸಿ, ಒಂದಿಷ್ಟು ಬಾಟಲಿ: ಇದರಲ್ಲಿ ಮನೆ ನಿಲ್ಲುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ ಕಟ್ಟಿಸಿದ ಮಾಳಿಗೆ ಮನೆ (ಮರದ ಜಂತಿ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಛಾವಣಿಯದು) ಹೋದ ಮಳೆಗಾಲದಲ್ಲಿ ಅರ್ಧ ಕುಸಿಯಿತು. ಉಳಿದದ್ದನ್ನು ನಾವೇ ಬಿಚ್ಚಿ ಅಂಗಳದಲ್ಲಿ ಒಟ್ಟಿದ್ದೇವೆ. ನಲವತ್ತು ಜಂತಿ, ಆರು ಕಂಬ, ಮೂರು ಬಾಗಿಲು, ಎರಡು ಟ್ರ್ಯಾಕ್ಟರ್ ಪರಸಿ (ಹಾಸುವ ಚಪ್ಪಡಿ ಕಲ್ಲು), ಗೋಡೆಯ ಕಲ್ಲು ಇವೆ. ಮೊಬೈಲಿನಲ್ಲಿ ಬಾಟಲಿ, ಟೈರು, ಹಳೆ ಬಸ್ಸಿನ ಕಿಟಕಿ ಹಾಕಿ ಕಟ್ಟಿದ ಮನೆಗಳ ವಿಡಿಯೊ ನೋಡಿದೆ. ಹೊಲದಲ್ಲಿ ಅಂಥದ್ದೇ ಎರಡು ಕೋಣೆಯ ಮನೆ ಕೈಯಾರೆ ಕಟ್ಟಬೇಕು ಅಂತ ಆಸೆ. ಅಪ್ಪ "ಗುಜರಿ ಮನೆ ಕಟ್ತೀಯೇನೋ" ಅಂತ ಬೈಯುತ್ತಾರೆ. ಅವ್ವನದು ಒಂದೇ ಚಿಂತೆ, ಚೇಳು. ಇದು ಆಗುವ ಕೆಲಸವೇ? ಖರ್ಚು ಉಳಿಯುತ್ತಾ?

ಉತ್ತರ: ಆಗುತ್ತದೆ. ಖರ್ಚೂ ಉಳಿಯುತ್ತದೆ, ಆದರೆ ನೀವು ಅಂದುಕೊಂಡ ಕಡೆ ಉಳಿಯುವುದಿಲ್ಲ. ಬಾಟಲಿ, ಟೈರು ಹುಡುಕಿಕೊಂಡು ಕಲಬುರಗಿಯ ಗುಜರಿ ಅಂಗಡಿ ಅಲೆಯಬೇಡಿ. ನಿಮ್ಮ ಮನೆಗೆ ಬೇಕಾದ ಗುಜರಿ ಆಗಲೇ ನಿಮ್ಮ ಅಂಗಳದಲ್ಲಿ ಬಿದ್ದಿದೆ.

ಆ ವಿಡಿಯೊ ಮನೆಗಳ ವಿಷಯ ಮೊದಲು ಮುಗಿಸಿಬಿಡೋಣ. ಅಮೆರಿಕದ ನೆವಾಡಾದಲ್ಲಿ ರಯೊಲೈಟ್ ಅಂತ ಒಂದು ಹಾಳೂರು ಇದೆ. ಚಿನ್ನ ಸಿಕ್ಕಿತು ಅಂತ ಮರುಭೂಮಿಯಲ್ಲಿ ದಿಢೀರನೆ ಎದ್ದ ಊರು. ಅಲ್ಲಿ 1906ರಲ್ಲಿ ಟಾಮ್ ಕೆಲ್ಲಿ ಎಂಬ ಮುದುಕರು ಸುಮಾರು 50,000 ಬಾಟಲಿಗಳಿಂದ ಮನೆ ಕಟ್ಟಿದರು. ಶೋಕಿಗೆ ಕಟ್ಟಿದ್ದಲ್ಲ. ಅಲ್ಲಿ ಮರ ಸಿಗುತ್ತಿರಲಿಲ್ಲ, ಕುಡಿದು ಬಿಸಾಕಿದ ಬಾಟಲಿ ಬೇಕಾದಷ್ಟು ಸಿಗುತ್ತಿದ್ದವು. ಇನ್ನು ಟೈರಿನ ಮನೆ. ನ್ಯೂ ಮೆಕ್ಸಿಕೊದ ಟಾವೋಸ್‌ನಲ್ಲಿ ಮೈಕೆಲ್ ರೆನಾಲ್ಡ್ಸ್ ಎಂಬ ವಾಸ್ತುಶಿಲ್ಪಿ 1970ರ ದಶಕದಲ್ಲಿ ಶುರು ಮಾಡಿದ 'ಅರ್ಥ್‌ಶಿಪ್' ಮನೆಗಳು ಅವು. ಅದು ಎರಡು ಸಾವಿರ ಮೀಟರಿಗೂ ಎತ್ತರದ ಜಾಗ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ದಕ್ಷಿಣಕ್ಕೆ ಉದ್ದಕ್ಕೂ ಗಾಜು ಕೂರಿಸಿ ಬಿಸಿಲನ್ನು ಒಳಗೆ ಕರೆಯುತ್ತಾರೆ. ಮಣ್ಣು ತುಂಬಿದ ಟೈರಿನ ಗೋಡೆ ಆ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಮನೆಯೊಳಗೆ ಬಿಡುತ್ತದೆ.

ಈಗ ನಮ್ಮ ಚಿತ್ತಾಪುರದ ಮೇ ತಿಂಗಳು ನೆನಪಿಸಿಕೊಳ್ಳಿ. ಹಗಲು 42, 43 ಡಿಗ್ರಿ. ರಾತ್ರಿ ಹತ್ತಾದರೂ ಹಾಸಿಗೆ ಸುಡುತ್ತಿರುತ್ತದೆ. ಬಿಸಿಲನ್ನು ಒಳಗೆ ಕರೆಯುವ ಮನೆ ನಮಗೆ ಯಾಕೆ ಬೇಕು? ಸಾಲದ್ದಕ್ಕೆ ಒಂದು ಕಾರಿನ ಟೈರಿಗೆ ಮಣ್ಣು ಬಡಿದು ತುಂಬಿದರೆ ಅದರ ತೂಕ ಒಂದೂಕಾಲು ಕ್ವಿಂಟಲ್ ದಾಟುತ್ತದೆ. ಹಾರೆ, ಸುತ್ತಿಗೆ ಹಿಡಿದು ಒಂದೊಂದನ್ನೂ ಬಡಿಯಬೇಕು. ಅಂಥ ಐನೂರು ಟೈರು ಆಗುವಷ್ಟರಲ್ಲಿ ನಿಮ್ಮ ಆಸೆ ಅಲ್ಲ, ನಿಮ್ಮ ಸೊಂಟ ಮುಗಿಯುತ್ತದೆ.

ಬಾಟಲಿಯ ಬಗ್ಗೆ ನಾನು ಕೇಳಿದ ಮಾತು ಹೇಳುತ್ತಿಲ್ಲ. ಕೆಲಸ ಶುರು ಮಾಡಿದ ಹೊಸತರಲ್ಲಿ ಗೆಳೆಯನೊಬ್ಬನ ಕೋಣೆಗೆ ಪಶ್ಚಿಮದ ಗೋಡೆ ಪೂರ್ತಿ ಬಾಟಲಿಯಲ್ಲಿ ಕಟ್ಟಿಸಿದೆ. ಹತ್ತಡಿ ಅಗಲ, ಎಂಟಡಿ ಎತ್ತರ. ದೊಡ್ಡ ಬಿಯರ್ ಬಾಟಲಿಗಳನ್ನು ಅಡ್ಡಡ್ಡ ಮಲಗಿಸಿದ್ದರಿಂದ ಎಂಟುನೂರು ಚಿಲ್ಲರೆ ಹಿಡಿದವು. ಸಂಜೆ ಬಿಸಿಲು ಬಿದ್ದಾಗ ಹಸಿರು, ಕಂದು ಬೆಳಕು ಒಳಗೆ ಹರಿಯುವುದು ನೋಡಿ ಎಲ್ಲರೂ ಬಾಯಿ ಬಿಟ್ಟರು. ಅದು ಜನವರಿ. ಏಪ್ರಿಲ್‌ನಲ್ಲಿ ಗೆಳೆಯನ ಫೋನ್ ಬಂತು: "ಗೋಡೆ ಮೇಲೆ ರೊಟ್ಟಿ ಬೇಯಿಸಬಹುದು, ಬಂದು ನೋಡು." ಬಾಟಲಿಗಳನ್ನು ಸರಿಯಾಗಿ ತೊಳೆದು ಒಣಗಿಸಿ ಬಾಯಿ ಮುಚ್ಚಿರಲಿಲ್ಲ. ಒಳಗೆ ಇರುವೆ ಗೂಡು ಕಟ್ಟಿದ್ದವು, ಕೆಲವದರಲ್ಲಿ ಪಾಚಿ ಹಿಡಿದಿತ್ತು. ಕೊನೆಗೆ ಹೊರಗಿನಿಂದ ಪರಸಿ ನಿಲ್ಲಿಸಿ ಅಷ್ಟೂ ಚಂದವನ್ನು ಮುಚ್ಚಿದೆವು.

ಆ ಗೋಡೆ ಕಲಿಸಿದ ಇನ್ನೊಂದು ಪಾಠ ಲೆಕ್ಕದ್ದು. ಬಾಟಲಿ ಪುಕ್ಕಟೆ, ಗಾರೆ ಪುಕ್ಕಟೆ ಅಲ್ಲ. ಬಾಟಲಿ ದುಂಡಗಿರುತ್ತದೆ, ಕತ್ತಿನ ಕಡೆ ಸಣ್ಣಗಾಗುತ್ತದೆ. ಆ ಸಂದಿಯನ್ನೆಲ್ಲ ಗಾರೆಯೇ ತುಂಬಬೇಕು. ಅಷ್ಟೇ ಅಳತೆಯ ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಸುಮಾರು ಹದಿನೈದು ಘನ ಅಡಿ ಗಾರೆ ಸಾಕು. ಬಾಟಲಿ ಗೋಡೆ ನುಂಗಿದ್ದು ಹತ್ತಿರಹತ್ತಿರ ಐವತ್ತು. ಇಟ್ಟಿಗೆ ದುಡ್ಡು ಉಳಿಸಲು ಹೋಗಿ ಸಿಮೆಂಟಿಗೆ ಸುರಿದೆವು. ಹಾಗಂತ ಬಾಟಲಿ ಬೇಡವೇ ಬೇಡ ಅನ್ನುವುದಿಲ್ಲ. ಬಚ್ಚಲಿಗೋ ಅಡುಗೆಮನೆಗೋ ಬೆಳಕಿಂಡಿಯ ಹಾಗೆ ಉತ್ತರದ ಗೋಡೆಯಲ್ಲಿ ಇಪ್ಪತ್ತು ಬಾಟಲಿ ಹಾಕಿ. ತೊಳೆದು, ಎರಡು ದಿನ ಬೋರಲು ಒಣಗಿಸಿ, ಬಿರಡೆ ಬಿಗಿದು ಕೂರಿಸಿ. ಆಸೆಯೂ ತೀರುತ್ತದೆ, ಮನೆಯೂ ತಣ್ಣಗಿರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಮಾತ್ರ ಕೈ ಹಾಕಬೇಡಿ. ಬಿಸಿಲಿಗೆ ಸೀಳುತ್ತವೆ. ಬೆಂಕಿ ತಗುಲಿದರೆ ಆ ಹೊಗೆ ಸಾಕು ಮನುಷ್ಯನನ್ನು ಕೆಡವಲು.

ಈಗ ನಿಮ್ಮ ರಾಶಿಗೆ ಬರೋಣ. ಹೊಸ ಸಾಮಾನಿನ ಮನೆಗೆ ಮೊದಲು ನಕ್ಷೆ, ಆಮೇಲೆ ಸಾಮಾನು. ಹಳೆ ಸಾಮಾನಿನ ಮನೆಗೆ ಇದು ಉಲ್ಟಾ. ಕೋಣೆ ಎಷ್ಟು ಅಗಲ ಅಂತ ನೀವು ಹೇಳುವ ಹಾಗಿಲ್ಲ, ಜಂತಿ ಹೇಳುತ್ತದೆ.

ಜಂತಿ ಮೊದಲು ಕೆಡುವುದು ಗೋಡೆಯೊಳಗೆ ಹೂತ ತುದಿಗಳಲ್ಲಿ. ನಡುಭಾಗ ಹೊಗೆ ಕುಡಿದು ಕರ್ರಗೆ ಕಲ್ಲಿನಂತಿರುತ್ತದೆ, ತುದಿ ಬಿಸ್ಕತ್ತಿನಂತೆ ಉದುರುತ್ತದೆ. ಚೀಲ ಹೊಲಿಯುವ ದಬ್ಬಳ ತಗೊಳ್ಳಿ. ಎರಡೂ ತುದಿಗೆ, ನಾಲ್ಕೂ ಮುಖಕ್ಕೆ ಚುಚ್ಚುತ್ತಾ ಬನ್ನಿ. ದಬ್ಬಳ ಸಲೀಸಾಗಿ ಇಳಿದರೆ ಅಲ್ಲಿ ಗೆದ್ದಲು ಅಥವಾ ಕೊಳೆತ ಇದೆ. ಎಲ್ಲಿ "ಟಕ್" ಅಂತ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅದರಾಚೆಯದನ್ನು ಕತ್ತರಿಸಿ. ಹತ್ತೂವರೆ ಅಡಿಯ ಜಂತಿ ಅನ್ನಿ. ಎರಡೂ ಕಡೆ ಅರ್ಧರ್ಧ ಅಡಿ ಹೋದರೆ ಒಂಬತ್ತೂವರೆ ಉಳಿಯಿತು. ಗೋಡೆ ಮೇಲೆ ಒಂಬತ್ತೊಂಬತ್ತು ಇಂಚು ಕೂರಬೇಕು. ಅಲ್ಲಿಗೆ ನಿಮ್ಮ ಕೋಣೆಯ ಒಳಗಲ ಎಂಟಡಿ. ಉದ್ದ ಹನ್ನೆರಡು ಇಟ್ಟುಕೊಳ್ಳಿ. ಅಡಿಗೊಂದರಂತೆ ಹಾಕಿದರೆ ಒಂದು ಕೋಣೆಗೆ ಹನ್ನೊಂದೋ ಹನ್ನೆರಡೋ ಜಂತಿ ಸಾಕು. ನಲವತ್ತರಲ್ಲಿ ಮೂರರಲ್ಲೊಂದು ಕೆಟ್ಟು ಹೋದರೂ ಎರಡು ಕೋಣೆ ಆಗುತ್ತವೆ. ನಿಮ್ಮ ಅಜ್ಜ ಕಡಿಮೆಯವರಲ್ಲ.

ದಬ್ಬಳದಲ್ಲಿ ಪಾಸಾದ ಜಂತಿಗೆ ಇನ್ನೊಂದು ಪರೀಕ್ಷೆ. ಎಂಟಡಿ ದೂರದಲ್ಲಿ ಎರಡು ಕಲ್ಲಿಟ್ಟು ಮೇಲೆ ಜಂತಿ ಮಲಗಿಸಿ. ತುದಿಯಿಂದ ತುದಿಗೆ ದಾರ ಬಿಗಿಯಿರಿ. ನಟ್ಟನಡುವೆ ಐವತ್ತು ಕೆಜಿಯ ಮೂರು ಸಿಮೆಂಟ್ ಚೀಲ ಹೇರಿ ಒಂದು ರಾತ್ರಿ ಬಿಡಿ. ನಡುವೆ ಒಂದೇ ಕಡೆ ಇಟ್ಟ ಭಾರ ಉದ್ದಕ್ಕೂ ಹರಡಿದ ಭಾರಕ್ಕಿಂತ ಎರಡರಷ್ಟು ಪೆಟ್ಟು ಕೊಡುತ್ತದೆ. ಹಾಗಾಗಿ ಇಲ್ಲಿ ಗೆದ್ದದ್ದು ಮಾಳಿಗೆಯಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆ. ಬೆಳಿಗ್ಗೆ ದಾರಕ್ಕಿಂತ ಅರ್ಧ ಇಂಚಿಗೂ ಜಾಸ್ತಿ ಬಾಗಿದ್ದರೆ, ಅಥವಾ ಚೀಲ ಇಳಿಸಿದ ಮೇಲೂ ಎದ್ದು ನಿಲ್ಲದಿದ್ದರೆ, ಅದು ಮಾಳಿಗೆಗೆ ಬೇಡ. ಮಂಚಕ್ಕೋ, ದನದ ಕೊಟ್ಟಿಗೆಯ ಗೂಟಕ್ಕೋ ಆಗುತ್ತದೆ.

ಮಾಳಿಗೆಯ ವಿಷಯ ಬಂದಾಗ ನಾನು ಸ್ವಲ್ಪ ಕಠಿಣವಾಗಿ ಮಾತಾಡುತ್ತೇನೆ, ಬೇಜಾರಾಗಬೇಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಜನ ಗಣಪತಿ ಕಳಿಸಿ ಬಂದು ಮಲಗಿದ್ದಾಗ ಲಾತೂರ್ ಜಿಲ್ಲೆಯ ಕಿಲಾರಿಯಲ್ಲಿ ಭೂಕಂಪ ಆಯಿತು. ನಮ್ಮ ಆಳಂದ, ಬೀದರ ಕಡೆಯಿಂದ ಕಿಲಾರಿ ದೂರವೇನಲ್ಲ. ಸಾವಿರಾರು ಜನ ಸತ್ತರು. ಅವರನ್ನು ಕೊಂದಿದ್ದು ನೆಲ ಅಲುಗಿದ್ದಕ್ಕಿಂತ ಜಾಸ್ತಿ ಅವರದೇ ಮನೆ. ದಪ್ಪ ಕಲ್ಲು ಗೋಡೆ, ಅದರ ಮೇಲೆ ವರ್ಷವರ್ಷ ಸೋರಿದಾಗೆಲ್ಲ ಹೊಸದಾಗಿ ಹೇರಿದ ಮಣ್ಣು. ನಿಮ್ಮ ಅಜ್ಜನ ಮನೆಯೂ ಅದೇ ಜಾತಿಯದು.

ಲೆಕ್ಕ ನೋಡಿ. ಒಂದಡಿ ದಪ್ಪದ ಮಣ್ಣು ಒಂದು ಚದರಡಿಗೆ ಸುಮಾರು 48 ಕೆಜಿ. ಹತ್ತಕ್ಕೆ ಹತ್ತರ ಕೋಣೆಯ ಮೇಲೆ ಐದು ಟನ್ ಹತ್ತಿರ. ಮಳೆ ಕುಡಿದರೆ ಇನ್ನೂ ಜಾಸ್ತಿ. ಇದರ ಬದಲು ಜಂತಿ ಮೇಲೆ ಇಂಚು ದಪ್ಪದ ಪರಸಿ ಹಾಸಿ, ಸಂದಿ ಮುಚ್ಚಿ, ಮೇಲೆ ಮೂರಿಂಚು ಸುಣ್ಣದ ಗಚ್ಚು ಹಾಕಿ. ಒಡೆದ ಇಟ್ಟಿಗೆಯೇ ಅದಕ್ಕೆ ಖಡಿ. ಚದರಡಿಗೆ 19 ಕೆಜಿ ಬರುತ್ತದೆ, ಕೋಣೆಗೆ ಎರಡು ಟನ್ ಒಳಗೆ. ಅರ್ಧಕ್ಕಿಂತ ಕಡಿಮೆ ಆಯಿತಲ್ವಾ? ಹತ್ತಡಿಗೆ ಎರಡೂವರೆ, ಮೂರಿಂಚು ಇಳಿಜಾರು ಕೊಡಿ. ನೀರು ಹೋಗುವ ದೋಣಿ ಗೋಡೆಯಿಂದ ಎರಡಡಿ ಹೊರಗೆ ಚಾಚಿರಲಿ. ಪ್ರತಿ ವರ್ಷ ಯುಗಾದಿಗೆ ಮುಂಚೆ ಮಾಳಿಗೆಗೆ ಎರಡು ಕೈ ಬಿಳಿ ಸುಣ್ಣ ಬಳಿಯಿರಿ. ಬಿಸಿಲನ್ನು ವಾಪಸ್ ಕಳಿಸುತ್ತದೆ. ಬರಿಗಾಲಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ, ಬಳಿದ ಕಡೆ ನಿಲ್ಲಬಹುದು, ಬಳಿಯದ ಕಡೆ ಕುಣಿಯಬೇಕು.

ಗೋಡೆಗೂ ಕಿಲಾರಿಯದೇ ಪಾಠ. ನಮ್ಮ ಕಲ್ಲು ಗೋಡೆ ಒಂದು ಗೋಡೆಯಲ್ಲ, ಎರಡು. ಒಳಗಿನ ಮುಖ ಒಂದು, ಹೊರಗಿನದು ಒಂದು, ನಡುವೆ ಚಿಪ್ಪುಗಲ್ಲು, ಮಣ್ಣು. ಅಲುಗಿದಾಗ ಎರಡೂ ಬೇರೆಬೇರೆಯಾಗಿ ಉಬ್ಬಿ ಬೀಳುತ್ತವೆ. ಎರಡನ್ನೂ ಹೊಲಿಯುವ ಉದ್ದ ಕಲ್ಲು ಬೇಕು. ಗೋಡೆ ಹದಿನೆಂಟು ಇಂಚು ಇರಲಿ, ಅದಕ್ಕಿಂತ ದಪ್ಪ ಬೇಡ. ಎತ್ತರದಲ್ಲಿ ಎರಡಡಿಗೊಮ್ಮೆ, ಉದ್ದದಲ್ಲಿ ನಾಲ್ಕಡಿಗೊಮ್ಮೆ, ಗೋಡೆಯ ಪೂರ್ತಿ ದಪ್ಪ ಹಾಯುವ ಕಲ್ಲು ಇಡಿ. ಹದಿನೆಂಟು ಇಂಚಿಗೆ ಕತ್ತರಿಸಿದ ದಪ್ಪ ಪರಸಿ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರಡಿಂಚಿನವು ನಿಮ್ಮ ರಾಶಿಯಲ್ಲಿ ಇಲ್ಲದಿದ್ದರೆ ಶಹಾಬಾದ, ವಾಡಿ ಕಡೆಯ ಗಣಿಗಳ ಪಕ್ಕ ಗುಡ್ಡೆ ಬಿದ್ದಿರುವ ತುಂಡು ಪರಸಿ ವಿಚಾರಿಸಿ. ಗಿರಾಕಿ ಕೇಳಿದ ಅಳತೆಗೆ ಬಾರದ ಕಲ್ಲು ಅಲ್ಲಿ ತ್ಯಾಜ್ಯ. ನಮ್ಮ ಸೀಮೆಯ ನಿಜವಾದ ಗುಜರಿ ಅದೇ. ರಯೊಲೈಟ್‌ನವರಿಗೆ ಬಾಟಲಿ ಇದ್ದ ಹಾಗೆ ನಮಗೆ ಪರಸಿ.

ಬಾಗಿಲು, ಕಿಟಕಿಯ ತಲೆಯ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತುವ ಒಂದು ಕಾಂಕ್ರೀಟ್ ಬೆಲ್ಟ್ ಹಾಕಿಸಿ. ಮೂರಿಂಚು ದಪ್ಪ, ಒಳಗೆ ಹತ್ತು ಎಂಎಂ ದಪ್ಪದ ಎರಡು ಕಬ್ಬಿಣದ ಸಳಿ. ಮೂಲೆಯಲ್ಲಿ ಸಳಿಯನ್ನು ಕಡಿಯಬಾರದು, ಬಾಗಿಸಿ ತಿರುಗಿಸಬೇಕು. ಗೌಂಡಿ "ಎರಡು ಕೋಣೆಗೆ ಇದೆಲ್ಲ ಯಾಕ್ರಿ" ಅನ್ನುತ್ತಾನೆ. ಬಿಡಬೇಡಿ. ಇಡೀ ಮನೆಯಲ್ಲಿ ಹೊಸ ಸಿಮೆಂಟು, ಹೊಸ ಕಬ್ಬಿಣಕ್ಕೆ ಕಣ್ಣು ಮುಚ್ಚಿ ದುಡ್ಡು ಹಾಕಬೇಕಾದ ಜಾಗ ಇದು. ಗುಜರಿಯಲ್ಲಿ ಸಿಗುವ ತುಕ್ಕು ಹಿಡಿದ, ಬಾಗಿಸಿ ನೆಟ್ಟಗೆ ಮಾಡಿದ ಸಳಿ ಇಲ್ಲಿಗೆ ಬೇಡ.

ದುಡ್ಡು ಹಾಕಬೇಕಾದ ಎರಡನೇ ಜಾಗ ಬುನಾದಿ. ನಿಮ್ಮ ಹೊಲ ಎರೆ ಭೂಮಿ ಇರಬೇಕು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವ, ಮಳೆ ಬಿದ್ದರೆ ಉಬ್ಬುವ ಮಣ್ಣು ಅದು. ಅದರ ಮೇಲೆ ಕೂತ ಗೋಡೆ ವರ್ಷಕ್ಕೆ ಎರಡು ಸಲ ಉಸಿರಾಡುತ್ತದೆ, ಮೂರನೇ ವರ್ಷಕ್ಕೆ ಸೀಳುತ್ತದೆ. ಎರೆ ಮುಗಿದು ಗರಸು (ಗಟ್ಟಿ ಜಲ್ಲಿ ಮಣ್ಣು) ಅಥವಾ ಕಲ್ಲಿನ ಪದರ ಸಿಗುವ ತನಕ ಅಗೆಯಿರಿ. ನಿಮ್ಮ ಕಡೆ ಹಲವು ಹೊಲಗಳಲ್ಲಿ ಅದು ತುಂಬ ಆಳ ಇರುವುದಿಲ್ಲ. ಅಗೆದ ಎರೆ ಮಣ್ಣನ್ನು ವಾಪಸ್ ತುಂಬಬೇಡಿ, ಗರಸು ತುಂಬಿ ನೀರು ಹಾಕಿ ಬಡಿಯಿರಿ. ಮನೆ ಸುತ್ತ ಮೂರಡಿ ಅಗಲದ ಪರಸಿ ಕಟ್ಟೆ, ಹೊರಗೆ ಇಳಿಜಾರಾಗಿ. ಸಣ್ಣ ತುಂಡುಗಳೆಲ್ಲ ಅಲ್ಲಿ ಖರ್ಚಾಗುತ್ತವೆ. ನೀರು ಬುನಾದಿಯ ಬಳಿ ಹೋಗುವುದಿಲ್ಲ, ಸಂಜೆ ಕೂರಲು ಜಾಗವೂ ಆಯಿತು.

ಪರಸಿಯ ಬಗ್ಗೆ ಒಂದು ಸಣ್ಣ ಮಾತು. ಅದು ಸುಣ್ಣದ ಕಲ್ಲು. ಬಚ್ಚಲಿಗೆ ಹಾಸಿ ಪಾಯಿಖಾನೆ ತೊಳೆಯುವ ಆ್ಯಸಿಡ್ ಸುರಿದರೆ ಬುಸುಬುಸು ನೊರೆ ಬಂದು ಮೇಲ್ಮೈ ತಿಂದು ಹೋಗುತ್ತದೆ. ನಿಂಬೆಹಣ್ಣು ಹಿಂಡಿದರೂ ಮಚ್ಚೆ ಬೀಳುತ್ತದೆ. ಅಡುಗೆ ಕಟ್ಟೆಗೆ ಹಾಕುವುದಾದರೆ ಅವ್ವನಿಗೆ ಮೊದಲೇ ಹೇಳಿಡಿ.

ಹಳೆ ಬಸ್ಸಿನ ಕಿಟಕಿ ಹಾಕಬಹುದು, ಉತ್ತರಕ್ಕೆ ಮತ್ತು ಪೂರ್ವಕ್ಕೆ. ಪಶ್ಚಿಮಕ್ಕೆ ಗಾಜು ಯಾವುದೂ ಬೇಡ. ಹಳೆ ಸಿಮೆಂಟ್ ಶೀಟು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಕೊಯ್ದಾಗ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ವೈರು, ಸ್ವಿಚ್ಚು, ನೀರಿನ ಪೈಪು ಹೊಸದೇ ಇರಲಿ. ಹೊಲದಲ್ಲಿ ಮನೆ ಕಟ್ಟುವ ಬಗ್ಗೆ ಪಂಚಾಯಿತಿಯಲ್ಲೂ ತಹಶೀಲ್ದಾರ್ ಕಚೇರಿಯಲ್ಲೂ ಮೊದಲೇ ಕೇಳಿ. ಇಂಥ ಮನೆಗೆ ಬ್ಯಾಂಕ್ ಸಾಲ ನಂಬಿಕೊಂಡು ಕೂರಬೇಡಿ.

ಖರ್ಚಿನ ಮಾತು. ಕಲ್ಲು, ಮರ, ಬಾಗಿಲಿನ ದುಡ್ಡು ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಆದರೆ ಹಳೆ ಸಾಮಾನಿಗೆ ಕೂಲಿ ಜಾಸ್ತಿ. ಮೊಳೆ ಕೀಳುವುದು, ಕಲ್ಲಿನ ಹಳೆ ಮಣ್ಣು ಕೆರೆಯುವುದು, ಒಂದೊಂದು ಜಂತಿಗೂ ಒಂದೊಂದು ಅಳತೆಯ ಗೂಡು ಬಿಡುವುದು. ದಿನಗೂಲಿ ಗೌಂಡಿಯಿಂದ ಇದನ್ನೆಲ್ಲ ಮಾಡಿಸಿದರೆ ಉಳಿದದ್ದು ಅಲ್ಲೇ ಕರಗುತ್ತದೆ. ಕೀಳುವ, ಕೆರೆಯುವ, ಆರಿಸುವ ಕೆಲಸ ನಿಮ್ಮದು. ಮೂಲೆ ಕಟ್ಟುವುದು, ಬೆಲ್ಟ್, ಗಚ್ಚು ಗೌಂಡಿಯದು. ಕೈಯಾರೆ ಕಟ್ಟುವುದು ಅಂದರೆ ನನ್ನ ಪ್ರಕಾರ ಇಷ್ಟೇ. ಮೂಲೆಯನ್ನೂ ತಾನೇ ಕಟ್ಟುತ್ತೇನೆ ಅಂದವರ ಗೋಡೆ ನೆಟ್ಟಗೆ ಮಾಡಲು ನಾನು ಹೋಗಿದ್ದೇನೆ.

ಅಪ್ಪನವರಿಗೆ ಒಂದು ಕಥೆ ಹೇಳಿ. ನಿಮ್ಮ ತಾಲ್ಲೂಕಿನ ಸನ್ನತಿ ಅವರಿಗೆ ಗೊತ್ತೇ ಇರುತ್ತದೆ, ಚಂದ್ರಲಾಂಬೆಯ ಗುಡಿ. ಅಲ್ಲಿನ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ಕಲ್ಲು ಸರಿಸಿ ನೋಡಿದರೆ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ! ಯಾರೋ ಪುಣ್ಯಾತ್ಮರು ಅಶೋಕನ ಕಾಲದ ಹಳೆ ಕಲ್ಲನ್ನು "ಚಲೋ ಕಲ್ಲದ" ಅಂತ ಎತ್ತಿ ತಂದು ಗುಡಿ ಕಟ್ಟಿದ್ದರು. ಗುಜರಿಯಲ್ಲಿ ಕಟ್ಟುವುದು ನಮ್ಮಲ್ಲಿ ಹೊಸದೇನಲ್ಲ. ಹಾಗೆಯೇ ನಿಮ್ಮ ರಾಶಿಯಲ್ಲೂ ಅಕ್ಷರವೋ ಮೂರ್ತಿಯೋ ಇರುವ ಕಲ್ಲು ಸಿಕ್ಕರೆ ಗೋಡೆಗೆ ಹಾಕಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ. ಮಳಖೇಡ, ಸನ್ನತಿ ಇರುವ ಸೀಮೆ ಇದು, ಸಿಕ್ಕರೆ ಆಶ್ಚರ್ಯವಿಲ್ಲ.

ಇನ್ನು ಅವ್ವನ ಚೇಳು. ಅವರ ಚಿಂತೆ ಸುಮ್ನೆ ಅಲ್ಲ. ಯಾದಗಿರಿಯ ಕಂದಕೂರಿನಲ್ಲಿ ನಾಗರಪಂಚಮಿಗೆ ಗುಡ್ಡದ ಮೇಲೆ ಚೇಳನ್ನು ಕೈಗೆ, ಮುಖಕ್ಕೆ ಹತ್ತಿಸಿಕೊಳ್ಳುವವರಿದ್ದಾರೆ. ನಾವು ನೀವು ಅಷ್ಟು ಧೈರ್ಯ ಮಾಡುವುದು ಬೇಡ. ಕಟ್ಟಿದ ಮನೆಯಲ್ಲಿ ಗೋಡೆಯ ಸಂದಿಗಳನ್ನು ಒಳಗೂ ಹೊರಗೂ ಸುಣ್ಣದ ಗಾರೆಯಿಂದ ಪೂರ್ತಿ ತುಂಬಿಸಿದರೆ ಚೇಳಿಗೆ ಜಾಗವಿಲ್ಲ. ಹೆದರಬೇಕಾದದ್ದು ಈಗ ಅಂಗಳದಲ್ಲಿರುವ ರಾಶಿಗೆ. ಪರಸಿ ಎತ್ತುವಾಗ ಕೆಳಗೆ ಬೆರಳು ತೂರಿಸಬೇಡಿ. ಹಾರೆಯಿಂದ ಆಚೆ ಬದಿ ಮೀಟಿ, ಕಲ್ಲು ನಿಮ್ಮ ಕಡೆಗೆ ಬಾಗಿ ಏಳಲಿ. ಆಗ ಅಡಿಯಲ್ಲಿದ್ದದ್ದು ಆಚೆಗೆ ಓಡುತ್ತದೆ. ಬೂಟು, ದಪ್ಪ ಕೈಗವಸು ಇರಲಿ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಬ್ಯಾಟರಿ ಸಿಗುತ್ತದಲ್ಲ, ಅದನ್ನು ಕತ್ತಲಲ್ಲಿ ರಾಶಿಯ ಮೇಲೆ ಬಿಟ್ಟು ನೋಡಿ. ಚೇಳಿದ್ದರೆ ತಿಳಿ ಹಸಿರಾಗಿ ಹೊಳೆಯುತ್ತದೆ. ಅವ್ವನನ್ನೂ ಕರೆದು ತೋರಿಸಿ. ಕಚ್ಚಿದರೆ, ಅದರಲ್ಲೂ ಮಕ್ಕಳಿಗೆ ಕಚ್ಚಿದರೆ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಿ.

ಮಿರಗ (ಮೃಗಶಿರ) ಮಳೆ ಬರುವ ಮುಂಚೆ ಜಂತಿಗಳನ್ನು ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲಿನ ಮೇಲೆ ಪೇರಿಸಿ, ಮೇಲೆ ಹಳೆ ಫ್ಲೆಕ್ಸ್ ಬ್ಯಾನರ್ ಹೊದಿಸಿ. ಚುನಾವಣೆಯದು ನಾಲ್ಕು ಯಾರ ಮನೆಯಲ್ಲಾದರೂ ಇದ್ದೇ ಇರುತ್ತವೆ. ಬದಿಗಳನ್ನು ಮುಚ್ಚಬೇಡಿ, ಗಾಳಿ ಆಡಲಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಜಂತಿಗೆ ನಂಬರು ಹಾಕಿ, ಕತ್ತರಿಸಿದ ಮೇಲೆ ಉಳಿದ ಉದ್ದ, ದಪ್ಪ, ದಬ್ಬಳದ ಫಲಿತಾಂಶ ಬರೆಯಿರಿ. ಬಾಗಿಲುಗಳ ಎತ್ತರವನ್ನೂ ಬರೆಯಿರಿ. ಹಳೆ ಬಾಗಿಲು ಐದೂವರೆ ಅಡಿ ಇರುತ್ತದೆ. ನೀವು ಎತ್ತರ ಇದ್ದರೆ ಚೌಕಟ್ಟಿನ ಅಡಿಗೆ ಪರಸಿಯ ಎತ್ತರದ ಹೊಸ್ತಿಲು ಕೊಡಬೇಕಾಗುತ್ತದೆ. ಆ ಪಟ್ಟಿ ಕಳಿಸಿ. ನಕ್ಷೆ ಅದನ್ನು ನೋಡಿ ಹಾಕೋಣ.